ಚಳಿಗಾಲ ಬಂದರೆ ಎಸ್‌ಟಿಪಿ ನೀರು ಘಾಟು: ಬ್ಯಾಕ್ಟೀರಿಯಾ ಸತ್ತಿವೆಯಾ?

ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್. ಎಸ್‌ಟಿಪಿ (ಬ್ಯಾಕ್ಟೀರಿಯಾ ಬಳಸಿ ಕೊಳಚೆ ನೀರು ಶುದ್ಧ ಮಾಡುವ ಘಟಕ) ನೀರನ್ನೇ ಫ್ಲಶ್‌ಗೆ ಬಿಡುತ್ತೇವೆ. ಡಿಸೆಂಬರ್ ಬಂತೆಂದರೆ ಅಮೋನಿಯಾ ಏರುತ್ತದೆ, ಬಾತ್‌ರೂಮಿನಲ್ಲಿ ಘಾಟು. "ಚಳಿಗೆ ಬ್ಯಾಕ್ಟೀರಿಯಾ ಸತ್ತಿವೆ, ಬ್ಯಾಕ್ಟೀರಿಯಾ ಇರುವ ಕಲ್ಚರ್ ಪುಡಿ ತರಿಸಿ" ಅಂತಾರೆ ಆಪರೇಟರ್. ತರಿಸಬೇಕಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಎಸ್‌ಟಿಪಿ ಉಸ್ತುವಾರಿ ನೋಡುವವರೊಬ್ಬರು: ಮೇಡಂ, ಈಗಲೇ ದುಡ್ಡು ಕೊಡಬೇಡಿ. ಮೊದಲು ಏರೇಷನ್ ಟ್ಯಾಂಕಿಗೆ (ಕೊಳಚೆಗೆ ಗಾಳಿ ಊದುವ ತೊಟ್ಟಿ) ಥರ್ಮಾಮೀಟರ್ ಬಿಡಿ. ನಮ್ಮಲ್ಲಿ ಬೆಳಗಿನ ಜಾವ ಹೊರಗೆ 15 ಡಿಗ್ರಿ ಇದ್ದರೂ ಟ್ಯಾಂಕ್ ನೀರು 20ರ ಮೇಲೇ ಇರುತ್ತದೆ. ಎಲ್ಲರ ಮನೆಯ ಗೀಸರ್ ನೀರೂ ಅಲ್ಲಿಗೇ ಬರುತ್ತದಲ್ವಾ. ಆ ಚಳಿಗೆ ಬ್ಯಾಕ್ಟೀರಿಯಾ ಸಾಯುವುದಿಲ್ಲ, ನಿಧಾನ ಆಗುತ್ತವೆ ಅಷ್ಟೆ. 10 ಡಿಗ್ರಿ ಇಳಿದರೆ ಅವುಗಳ ವೇಗ ಹೆಚ್ಚುಕಡಿಮೆ ಅರ್ಧ ಆಗುತ್ತದೆ.

ತೊಂದರೆ ಆಗುವುದು ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾಗಳಿಗೆ. ಬೇರೆ ಕೊಳೆ ತಿನ್ನುವವು ಕೆಲವೇ ಗಂಟೆಯಲ್ಲಿ ದುಪ್ಪಟ್ಟಾಗುತ್ತವೆ. ಇವಕ್ಕೆ 20 ಡಿಗ್ರಿಯಲ್ಲಿ ಒಂದು ದಿನಕ್ಕಿಂತ ಜಾಸ್ತಿ ಬೇಕು. ಬೇಸಿಗೆಯಲ್ಲಿ ತೆಗೆದಷ್ಟೇ ಸ್ಲಡ್ಜನ್ನು (ಬ್ಯಾಕ್ಟೀರಿಯಾ ತುಂಬಿದ ಕೆಸರು) ಚಳಿಗಾಲದಲ್ಲೂ ತೆಗೆದರೆ, ಅವು ಮರಿ ಹಾಕುವ ಮೊದಲೇ ಹೊರಗೆ ಹೋಗುತ್ತವೆ. ನಾವು ನವೆಂಬರ್‌ನಿಂದಲೇ ಸ್ಲಡ್ಜ್ ತೆಗೆಯುವುದನ್ನು ಕಡಿಮೆ ಮಾಡುತ್ತೇವೆ. ಒಂದು ಲೀಟರ್ ಜಾರಿನಲ್ಲಿ ಟ್ಯಾಂಕ್ ನೀರು ತುಂಬಿ ಅರ್ಧ ಗಂಟೆ ಅಲುಗಾಡಿಸದೆ ಇಡಿ. ತಳದಲ್ಲಿ ಕಂದು ಸ್ಲಡ್ಜ್ ಕೂತು, ಮೇಲೆ ತಿಳಿ ನೀರು ನಿಲ್ಲಬೇಕು. ನಾವು ಸ್ಲಡ್ಜ್ 300 ಮಿಲಿ ಗುರುತಿನ ಹತ್ತಿರ ಇರುವಂತೆ ನೋಡಿಕೊಳ್ಳುತ್ತೇವೆ.

ಪ್ಲಾಂಟ್ ಮೇಂಟೆನೆನ್ಸ್ ಎಂಜಿನಿಯರ್: ಮೇಲಿನವರು ಹೇಳಿದ್ದು ಸರಿ. ಜೊತೆಗೆ ರಾತ್ರಿ ಹೋಗಿ ಟ್ಯಾಂಕಿಗೆ ಗಾಳಿ ಊದುವ ಬ್ಲೋವರ್ ಓಡುತ್ತಿದೆಯಾ ನೋಡಿ. ಕರೆಂಟ್ ಬಿಲ್ ಉಳಿಸಲು ಆಫ್ ಮಾಡುವ ಕಡೆ ಬಹಳ ಇವೆ. ಒಂದು ಮಿಲಿಗ್ರಾಂ ಅಮೋನಿಯಾ ನೈಟ್ರೋಜನ್ ನೈಟ್ರೇಟ್ ಆಗಲು ಸುಮಾರು 4.6 ಮಿಲಿಗ್ರಾಂ ಆಕ್ಸಿಜನ್ ಬೇಕು. ಗಾಳಿ ಇಲ್ಲದಿದ್ದರೆ ಯಾವ ಕಾಲದಲ್ಲೂ ಆ ಕೆಲಸ ಆಗದು. ಟ್ಯಾಂಕಿನಲ್ಲಿ ಕರಗಿದ ಆಕ್ಸಿಜನ್ ಲೀಟರಿಗೆ 2 ಮಿಲಿಗ್ರಾಂ ಆದರೂ ಇರಲಿ. ಪಿಎಚ್ 6.5ಕ್ಕಿಂತ ಕೆಳಗಿದ್ದರೂ ಇದೇ ಗೋಳು.

ಬೇಸಿಗೆ ಬಂದರೆ ಎಲ್ಲ ಸರಿಹೋಗುತ್ತದೆ ಅಂತಲೂ ಸುಮ್ನಿರಬೇಡಿ. ಸಮುದ್ರ ಮಟ್ಟದಲ್ಲಿ 20 ಡಿಗ್ರಿಯ ಶುದ್ಧ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಕ್ಸಿಜನ್ ಹಿಡಿದರೆ, 30 ಡಿಗ್ರಿಯದು ಏಳೂವರೆ ಅಷ್ಟೇ ಹಿಡಿಯುತ್ತದೆ. ಬೆಂಗಳೂರಿನ ಎತ್ತರಕ್ಕೆ ಇನ್ನೂ ಕಡಿಮೆ. ಬ್ಯಾಕ್ಟೀರಿಯಾಗಳ ಹಸಿವು ಮಾತ್ರ ಆಗಲೇ ಜಾಸ್ತಿ.

ನಾರ್ವೆಯಲ್ಲಿರುವ ಕನ್ನಡಿಗರು: ಇಲ್ಲಿ ಹಿಮ ಕರಗುವಾಗ ಕೊಳಚೆ ನೀರು 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಆಗಲೂ ಬ್ಯಾಕ್ಟೀರಿಯಾ ಕೆಲಸ ಮಾಡುತ್ತವೆ, ಆದರೆ ಹೆಚ್ಚು ಸಂಖ್ಯೆಯಲ್ಲಿ ಇರಬೇಕು. ಅದಕ್ಕೇ ಎಂಬಿಬಿಆರ್ ಅನ್ನುವ ಬಗೆಯ ಎಸ್‌ಟಿಪಿಯಲ್ಲಿ ಚಿಕ್ಕ ಪ್ಲಾಸ್ಟಿಕ್ ತುಂಡುಗಳನ್ನು ಬಿಡುತ್ತಾರೆ. ಬ್ಯಾಕ್ಟೀರಿಯಾ ಅದಕ್ಕೆ ಅಂಟಿಕೊಂಡು ಬೆಳೆಯುತ್ತವೆ, ನೀರಿನ ಜೊತೆ ಕೊಚ್ಚಿಹೋಗುವುದಿಲ್ಲ. ಈ ವಿಧಾನ ಹುಟ್ಟಿದ್ದೂ ಇಲ್ಲೇ, 1980ರ ದಶಕದ ಕೊನೆಗೆ. ನಿಮ್ಮದು ಎಂಬಿಬಿಆರ್ ಆಗಿದ್ದರೆ ಆ ತುಂಡುಗಳು ಜಾಲರಿಯ ಹತ್ತಿರ ಗುಡ್ಡೆಯಾಗಿವೆಯಾ ನೋಡಿ.

ಎಸ್‌ಟಿಪಿ ಉಸ್ತುವಾರಿಯವರು ಮತ್ತೆ: ಬ್ಯಾಕ್ಟೀರಿಯಾ ನಿಜಕ್ಕೂ ಕಡಿಮೆ ಇದ್ದರೆ, ಪುಡಿಗಿಂತ ಚೆನ್ನಾಗಿ ನಡೆಯುತ್ತಿರುವ ಪಕ್ಕದ ಎಸ್‌ಟಿಪಿಯಿಂದ ಒಂದು ಟ್ಯಾಂಕರ್ ಸ್ಲಡ್ಜ್ ತಂದು ಸುರಿಯಿರಿ. ಆ ವಾರ ಹೌಸ್‌ಕೀಪಿಂಗ್‌ನವರಿಗೆ ಆಸಿಡ್, ಬ್ಲೀಚಿಂಗ್ ಪೌಡರ್ ಡ್ರೈನಿಗೆ ಸುರಿಯಬೇಡಿ ಅಂತ ಖಂಡಿತ ಹೇಳಿ.