ನ್ಯೂಮಾರ್ಕೆಟ್‌ನಲ್ಲಿ ರೇಸ್ ಕುದುರೆಗಳ ಬೆಳಗಿನ ತಾಲೀಮು: ಏನನ್ನು ನೋಡಬೇಕು?

ಪ್ರಶ್ನೆ (ಬೀದರ್)

ಮಾನ್ಯರೇ, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಓದುತ್ತಿರುವ ಮಗಳನ್ನು ನೋಡಲು ಬರುವ ಮೇ ತಿಂಗಳಲ್ಲಿ ಹೋಗುವವನಿದ್ದೇನೆ. ಅಲ್ಲಿಂದ ಸುಮಾರು 20 ಕಿಲೋಮೀಟರ್ ದೂರದ ನ್ಯೂಮಾರ್ಕೆಟ್‌ನಲ್ಲಿ ರೇಸ್ ಕುದುರೆಗಳ ಬೆಳಗಿನ ತಾಲೀಮನ್ನು ಯಾರು ಬೇಕಾದರೂ ನೋಡಬಹುದಂತೆ. ಬಹಮನಿಗಳ ಕಾಲದಲ್ಲಿ ರಷ್ಯಾದ ಅಫನಾಸಿ ನಿಕಿತಿನ್ ತನ್ನ ಕುದುರೆಯನ್ನು ತಂದು ಮಾರಿದ ಊರಿನವನಾದರೂ, ನಾನು ಹತ್ತಿರದಿಂದ ಕಂಡಿರುವುದು ಮದುವೆ ಮೆರವಣಿಗೆಯ ಕುದುರೆಗಳನ್ನು ಮಾತ್ರ. ಜೂಜಿನಲ್ಲಿ ಆಸಕ್ತಿಯಿಲ್ಲ. ಎಲ್ಲಿ ನಿಲ್ಲಬೇಕು, ನನ್ನಂತಹ ಅರಿಯದವನು ಏನನ್ನು ಗಮನಿಸಬೇಕು ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ (ಯಾದಗಿರಿ)

ಮಗನ ಮನೆಗೆ ಹೋಗಿದ್ದಾಗ ಒಂದು ಬೆಳಿಗ್ಗೆ ನೋಡಿ ಬಂದಿದ್ದೇನೆ. ಮೌಲ್ಟನ್ ರಸ್ತೆಯ ಪಕ್ಕದಲ್ಲಿರುವ ವಾರನ್ ಹಿಲ್ ಎಂಬ ಹುಲ್ಲಿನ ದಿಬ್ಬವೇ ಸರಿಯಾದ ಜಾಗ. ಏಳು ಗಂಟೆಗೆ ಅಲ್ಲಿರಿ. ಎರಡೂವರೆ ಸಾವಿರಕ್ಕೂ ಹೆಚ್ಚು ಕುದುರೆಗಳು ತಾಲೀಮಿನಲ್ಲಿರುವ ಊರು ಅದು. ಅವು ಸಾಲುಗಟ್ಟಿ ರಸ್ತೆ ದಾಟುವಾಗ ವಾಹನಗಳೇ ನಿಂತು ದಾರಿ ಬಿಡುತ್ತವೆ. ಮಧ್ಯಾಹ್ನ ಒಂದು ಗಂಟೆಯವರೆಗೆ ತಾಲೀಮಿನ ಹುಲ್ಲುಗಾವಲು ಕುದುರೆಗಳಿಗೇ ಮೀಸಲು, ಅದರೊಳಗೆ ಕಾಲಿಡಬೇಡಿ. ಮೇ ತಿಂಗಳೆಂದು ನಂಬಿ ಸ್ವೆಟರ್ ಬಿಟ್ಟು ಹೋಗಬೇಡಿ, ನಾನು ನಡುಗಿದ್ದೇನೆ.

ಉತ್ತರ (ಕಲಬುರಗಿ)

ನಾನು ಬೀದರಿನಲ್ಲಿ ಪಶುವೈದ್ಯಕೀಯ ಓದಿ, ಕೆಲವು ವರ್ಷ ಹೈದರಾಬಾದಿನ ಮಲಕ್‌ಪೇಟೆಯ ಲಾಯಗಳಲ್ಲಿ ಕೆಲಸ ಮಾಡಿದವನು. ವೇಗವನ್ನೇ ನೋಡಲು ಹೋದರೆ ನಿಮಗೆ ನಿರಾಶೆಯಾದೀತು, ಏಕೆಂದರೆ ಹೆಚ್ಚಿನ ದಿನಗಳಲ್ಲಿ ಕುದುರೆಯನ್ನು ಪೂರ್ಣ ಓಟಕ್ಕೆ ಬಿಡುವುದೇ ಇಲ್ಲ. ಮಲಕ್‌ಪೇಟೆಯ ಸಮತಟ್ಟಾದ ಟ್ರ್ಯಾಕಿನಲ್ಲಿ ಸ್ಟಾಪ್‌ವಾಚ್ ಹಿಡಿದವರು ಕೊನೆಯ 600 ಮೀಟರಿಗೆ ಎಷ್ಟು ಸೆಕೆಂಡು ಹಿಡಿಯಿತೆಂದು ಗುರುತು ಹಾಕಿಕೊಳ್ಳುತ್ತಾರೆ. ವಾರನ್ ಹಿಲ್‌ನಲ್ಲಿ ವೇಗದ ಬದಲು ಏರುದಾರಿಯೇ ಕುದುರೆಯನ್ನು ದುಡಿಸುತ್ತದೆ. ಏರು ಹತ್ತುವಾಗ ಭಾರವು ಹಿಂಗಾಲುಗಳತ್ತ ಸರಿಯುವುದರಿಂದ, ಬೇಗ ಪೆಟ್ಟಾಗುವ ಮುಂಗಾಲುಗಳಿಗೆ ಹೊರೆ ತಗ್ಗಿ, ಕಡಿಮೆ ವೇಗದಲ್ಲಿಯೇ ಹೃದಯಕ್ಕೂ ಶ್ವಾಸಕೋಶಕ್ಕೂ ಸಾಕಷ್ಟು ಕೆಲಸ ಸಿಗುತ್ತದೆ.

ಆದ್ದರಿಂದ ದಿಬ್ಬದ ಮೇಲ್ತುದಿಯ ಬಳಿ ನಿಂತು ಉಸಿರನ್ನು ಕೇಳಿರಿ. ಕುದುರೆ ಬಾಯಿಯಿಂದ ಉಸಿರಾಡಲಾರದು. ಓಡುವಾಗ ಒಂದು ಹೆಜ್ಜೆಸುತ್ತಿಗೆ, ಅಂದರೆ ನಾಲ್ಕು ಕಾಲೂ ಒಮ್ಮೊಮ್ಮೆ ನೆಲ ಮುಟ್ಟುವಷ್ಟರಲ್ಲಿ, ಒಂದೇ ಉಸಿರು, ಕಮ್ಮಾರನ ತಿದಿಯಂತೆ. ಸುಮ್ಮನೆ ನಿಂತಾಗ ನಿಮಿಷಕ್ಕೆ 30–40 ಬಾರಿ ಬಡಿಯುವ ಹೃದಯ ಪೂರ್ಣ ಓಟದಲ್ಲಿ 200 ದಾಟುತ್ತದೆ. ಓಟ ಮುಗಿದು, ಲಗಾಮು ಸಡಿಲಗೊಂಡು, ಕುದುರೆ ನಡೆಯತೊಡಗಿದ ಮೇಲೆ ಅದರ ಮೂಗಿನ ಹೊಳ್ಳೆಗಳು ಮತ್ತು ಪಕ್ಕೆಗಳು ಎಷ್ಟು ಬೇಗ ಶಾಂತವಾಗುತ್ತವೆ ಎಂಬುದನ್ನು ತರಬೇತುದಾರರು ಕಣ್ಣಿಟ್ಟು ನೋಡುತ್ತಾರೆ. ಹೊಸಬರು ಸಾಮಾನ್ಯವಾಗಿ ಆ ಹೊತ್ತಿಗೆ ಮುಂದಿನ ಕುದುರೆಯತ್ತ ತಿರುಗಿಬಿಟ್ಟಿರುತ್ತಾರೆ.

ಪ್ರಶ್ನೆ ಕೇಳಿದವರು (ಬೀದರ್)

ಡಾಕ್ಟರ್ ಸಾಹೇಬರೇ, ತುಂಬ ಉಪಕಾರವಾಯಿತು. ಕ್ಯಾಂಟರ್ ಎಂಬ ಹದವಾದ ಓಟ ಯಾವುದು, ಪೂರ್ಣ ವೇಗದ ನಾಗಾಲೋಟ ಯಾವುದು ಎಂದು ತಿಳಿಯುವುದು ಹೇಗೆ?

ಉತ್ತರ (ಕಲಬುರಗಿ)

ಕ್ಯಾಂಟರ್‌ನಲ್ಲಿ ಗೊರಸಿನ ಮೂರು ಪೆಟ್ಟು, ಬಳಿಕ ಚಿಕ್ಕದೊಂದು ಬಿಡುವು. ನಾಗಾಲೋಟದಲ್ಲಿ ನಾಲ್ಕು ಪೆಟ್ಟುಗಳು ಒತ್ತೊತ್ತಾಗಿ ಬೀಳುತ್ತವೆ. ಮೆತ್ತನೆಯ ನೆಲದಲ್ಲಿ ಈ ಸದ್ದು ಅಡಗಿಹೋದರೆ ಸವಾರನನ್ನು ನೋಡಿ: ಅವನು ಕುದುರೆಯ ಕುತ್ತಿಗೆಯ ಮೇಲೆ ತಗ್ಗಿ ಬಾಗಿದನೆಂದರೆ ಕುದುರೆಯನ್ನು ಓಟಕ್ಕೆ ಬಿಟ್ಟನೆಂದೇ ತಿಳಿಯಿರಿ.