ಐದು ರೂಪಾಯಿ ಡಾಕ್ಟರು, ಸಿಸೇರಿಯನ್ ಬಿಲ್ಲು ಮತ್ತು ‘ಮೆರ್ಸಲ್’

ಪ್ರಶ್ನೆ (ಮೈಸೂರಿನ ಸದಸ್ಯರು): ನಮಸ್ಕಾರ ಮೇಡಂ. ಮೊನ್ನೆ ಟಿವಿಯಲ್ಲಿ ವಿಜಯ್ ಅವರ ತಮಿಳು ಚಿತ್ರ ‘ಮೆರ್ಸಲ್’ ಹಾಕಿದ್ದರು. ನನ್ನ ಹೆಂಡತಿಗೆ ಈಗ ಎಂಟು ತಿಂಗಳು. ಅತ್ತೆಯವರೂ ಜೊತೆಗೆ ಕುಳಿತು ನೋಡಿದರು. ದುಡ್ಡಿನಾಸೆಗೆ ಸಿಸೇರಿಯನ್ ಮಾಡಿ, ಅರಿವಳಿಕೆ ಹೆಚ್ಚಾಗಿ ನಾಯಕನ ತಾಯಿ ಸಾಯುವ ಭಾಗ ಬಂದಾಗಿನಿಂದ ಮನೆಯಲ್ಲಿ ನೆಮ್ಮದಿಯಿಲ್ಲ. ಬೆನ್ನಿಗೆ ಸೂಜಿ ಹಾಕಿಸಿಕೊಳ್ಳಲೇಬಾರದು ಎಂದು ಅತ್ತೆ ಹಠ ಹಿಡಿದಿದ್ದಾರೆ. ನೀವು ಅರಿವಳಿಕೆ ತಜ್ಞೆ. ಹಾಗೆಲ್ಲ ಆಗುತ್ತದೆಯೇ? ದುಡ್ಡಿಗಾಗಿ ಹೊಟ್ಟೆ ಕೊಯ್ಯುವುದು ನಿಜವೇ?

ಉತ್ತರ: ಮೊದಲು ಅತ್ತೆಯವರ ಭಯಕ್ಕೆ ಉತ್ತರ. ಸಿಸೇರಿಯನ್‌ಗೆ ಈಗ ಬಹುತೇಕ ಕಡೆ ಕೊಡುವುದು ಸ್ಪೈನಲ್, ಅಂದರೆ ಬೆನ್ನಿಗೆ ಸೂಜಿ ಹಾಕಿ ಕೊಡುವ ಅರಿವಳಿಕೆ. ತಾಯಿಯನ್ನು ಮೇಜಿನ ಮೇಲೆ ಕೂರಿಸಿ, ಗಲ್ಲ ಎದೆಗೆ ತಾಗುವ ಹಾಗೆ ಬಾಗಲು ಹೇಳುತ್ತೇವೆ. ಸೊಂಟದ ಮೂಳೆಗಳ ಸಂದಿಯಲ್ಲಿ ತೆಳ್ಳನೆಯ ಸೂಜಿ ಇಳಿಸಿದಾಗ ಅದರ ಹಿಂತುದಿಯಲ್ಲಿ ತಿಳಿನೀರಿನಂಥ ಹನಿ ಕಾಣಿಸಿದರೆ ಜಾಗ ಸರಿಯಾಗಿದೆ ಎಂದರ್ಥ. ಒಳಗೆ ಹೋಗುವ ಬುಪಿವಕೇನ್ ಮದ್ದು ಸುಮಾರು ಎರಡು ಮಿಲಿಲೀಟರ್, ಅಷ್ಟೇ. ಆಮೇಲೆ ಸ್ಪಿರಿಟ್ ಹತ್ತಿಯನ್ನು ಹೊಟ್ಟೆಯ ಮೇಲೆ ಸವರುತ್ತಾ ‘ತಣ್ಣಗೆ ಗೊತ್ತಾಗುತ್ತದೆಯಾ ಅಮ್ಮಾ?’ ಎಂದು ಕೇಳುತ್ತಾ ಹೋಗುತ್ತೇವೆ. ಮರಗಟ್ಟುವಿಕೆ ಎಲ್ಲಿಯವರೆಗೆ ಏರಿದೆ ಎಂದು ತಿಳಿಯುವುದು ಹಾಗೆ. ತಾಯಿ ಎಚ್ಚರವಾಗಿಯೇ ಇರುತ್ತಾಳೆ, ಮಗುವಿನ ಅಳು ಅವಳಿಗೂ ಕೇಳಿಸುತ್ತದೆ.

ರಕ್ತದೊತ್ತಡ ಇಳಿಯುವುದು ಇದರಲ್ಲಿ ತೀರಾ ಸಾಮಾನ್ಯ. ಅದಕ್ಕೆ ಮದ್ದು ಸಿರಿಂಜಿನಲ್ಲಿ ತುಂಬಿಟ್ಟುಕೊಂಡೇ ಇರುತ್ತೇವೆ. ಅರಿವಳಿಕೆ ತೀರಾ ಮೇಲೇರಿ ಉಸಿರಾಟಕ್ಕೆ ತೊಂದರೆಯಾಗುವುದು ಅಪರೂಪ. ಆದರೂ ತಜ್ಞರು ಪಕ್ಕದಲ್ಲಿದ್ದರೆ, ಆಕ್ಸಿಜನ್ ಮತ್ತು ಕೊಳವೆ ಕೈಗೆಟುಕುವಂತಿದ್ದರೆ ನಿಭಾಯಿಸಬಹುದು. ನನಗೆ ಭಯವಾಗುವುದು ಸೂಜಿ ಹಾಕಿದ ಹತ್ತೇ ನಿಮಿಷಕ್ಕೆ ಇನ್ನೊಂದು ನರ್ಸಿಂಗ್ ಹೋಮ್‌ನ ಕೇಸಿಗೆಂದು ಕಾರು ಹತ್ತುವ ನನ್ನದೇ ವೃತ್ತಿಯವರನ್ನು ಕಂಡರೆ. ಚಿತ್ರ ತೆಗೆದವರಿಗೆ ಇದು ಹೊಳೆದಿಲ್ಲ. ಹೊಳೆದಿದ್ದರೆ ಖಳನಾಯಕನಿಗೆ ಅಷ್ಟೊಂದು ಅಟ್ಟಹಾಸವೇ ಬೇಕಿರಲಿಲ್ಲ.

ಇನ್ನು ದುಡ್ಡಿನ ಮಾತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಸರ್ಕಾರಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಸಿಸೇರಿಯನ್ ಶೇ 14.3, ಖಾಸಗಿಯಲ್ಲಿ ಶೇ 47.4. ಕರ್ನಾಟಕದ ಒಟ್ಟು ಪ್ರಮಾಣ ಶೇ 31.5, ತಮಿಳುನಾಡಿನದು ಶೇ 44.9. ಕಷ್ಟದ ಹೆರಿಗೆಗಳೆಲ್ಲ ಖಾಸಗಿ ಬಾಗಿಲನ್ನೇ ಹುಡುಕಿಕೊಂಡು ಹೋಗುತ್ತವೆ ಎಂದು ನಂಬುವಷ್ಟು ಮುಗ್ಧೆ ನಾನಲ್ಲ. ಆದರೆ ಚಿತ್ರ ತೋರಿಸುವಂತೆ ಒಬ್ಬ ದುರುಳ ಕೋಣೆಯಲ್ಲಿ ಕುಳಿತು ಸಂಚು ಹೂಡುವುದಿಲ್ಲ. ಸಹಜ ಹೆರಿಗೆಗೆ ರಾತ್ರಿಯಿಡೀ ಕಾಯಬೇಕು, ಸಿಸೇರಿಯನ್ ಒಂದು ಗಂಟೆಯೊಳಗೆ ಮುಗಿಯುತ್ತದೆ, ಬಿಲ್ಲು ದೊಡ್ಡದು. ಮಗುವಿನ ಹೃದಯಬಡಿತ ಸ್ವಲ್ಪ ಏರುಪೇರಾದರೂ ಕೋರ್ಟು ಕಣ್ಣ ಮುಂದೆ ಬರುತ್ತದೆ. ಅದರ ಮೇಲೆ ಜೋಯಿಸರಿಂದ ಮುಹೂರ್ತ ಬರೆಸಿಕೊಂಡು ಬರುವ ಮನೆಯವರು ಬೇರೆ! ಯಾರೂ ಸುಳ್ಳು ಹೇಳದೆಯೇ ಅಂಕಿ ಏರುತ್ತದೆ. ಚಿತ್ರದ ನಾಯಕನಂತೆ ಸೇಡಿಗೆ ಹೊರಟರೆ ಇದಕ್ಕೆ ಯಾರನ್ನು ಕೊಲ್ಲುತ್ತೀರಿ?

ಪ್ರಶ್ನೆ (ಮಂಡ್ಯದ ಸದಸ್ಯರು): ನಮ್ಮೂರಿನ ಡಾ. ಶಂಕರೇಗೌಡರು ಐದು ರೂಪಾಯಿಗೆ ನೋಡುತ್ತಾರೆ. ಚಿತ್ರದ ಮಾರನ್ ಕೂಡ ಐದು ರೂಪಾಯಿ ಡಾಕ್ಟರು. ಎಲ್ಲ ವೈದ್ಯರೂ ಹಾಗಿರಲು ಏನು ಕಷ್ಟ?

ಉತ್ತರ: ಗೌಡರ ಬಗ್ಗೆ ನನಗೆ ಬಹಳ ಗೌರವವಿದೆ. ಚೆನ್ನೈನ ವ್ಯಾಸರ್ಪಾಡಿಯಲ್ಲಿದ್ದ ಡಾ. ತಿರುವೇಂಗಡಂ ಅವರ ಬಗ್ಗೆಯೂ ಅಷ್ಟೇ. ಎರಡು ರೂಪಾಯಿಯಿಂದ ಆರಂಭಿಸಿ ಐದು ರೂಪಾಯಿಗೆ ಜೀವಮಾನವಿಡೀ ಬಡವರನ್ನು ನೋಡಿದ ಅವರು 2020ರಲ್ಲಿ ತೀರಿಕೊಂಡರು. ಆದರೆ ಚರ್ಮರೋಗಕ್ಕೆ, ಜ್ವರಕ್ಕೆ ಚೀಟಿ ಬರೆಯುವ ವೈದ್ಯರಿಗೆ ಬೇಕಾದದ್ದು ಕುರ್ಚಿ, ಪೆನ್ನು ಮತ್ತು ದೊಡ್ಡ ಮನಸ್ಸು. ನನ್ನ ಕೆಲಸಕ್ಕೆ ಮಾನಿಟರ್, ಆಕ್ಸಿಜನ್, ರಕ್ತ, ದಾದಿಯರು, ಜನರೇಟರ್ ಎಲ್ಲ ಬೇಕು. ಇವು ಐದು ರೂಪಾಯಿಗೆ ಸಿಗಬೇಕಾದರೆ ಉಳಿದದ್ದನ್ನು ಸರ್ಕಾರ ಕೊಡಬೇಕು. ಒಬ್ಬ ಸಂತನನ್ನು ತೋರಿಸಿ ಉಳಿದವರೆಲ್ಲ ಕಳ್ಳರು ಎನ್ನುವುದರಿಂದ ತಾಲ್ಲೂಕು ಆಸ್ಪತ್ರೆಗೆ ಒಬ್ಬ ಅರಿವಳಿಕೆ ತಜ್ಞರೂ ಬರುವುದಿಲ್ಲ.

ಪ್ರಶ್ನೆ (ಚೆನ್ನೈನಲ್ಲಿರುವ ಕನ್ನಡಿಗರು): ಶೇ 7 ಜಿಎಸ್‌ಟಿ ಪಡೆಯುವ ಸಿಂಗಪುರದಲ್ಲಿ ಚಿಕಿತ್ಸೆ ಉಚಿತ, ಶೇ 28 ಪಡೆಯುವ ನಮ್ಮಲ್ಲಿ ಯಾಕಿಲ್ಲ ಎಂದು ಚಿತ್ರದಲ್ಲಿ ವಿಜಯ್ ಕೇಳಿದ್ದಕ್ಕೆ ಇಲ್ಲಿ ಎಷ್ಟು ಗಲಾಟೆಯಾಯಿತು! ಅದು ಸರಿಯೇ, ತಪ್ಪೇ?

ಉತ್ತರ: ಲೆಕ್ಕ ತಪ್ಪು, ಸಿಟ್ಟು ಸರಿ. ಚಿತ್ರ ಬಂದದ್ದು 2017ರ ದೀಪಾವಳಿಗೆ. ಆಗ ಶೇ 28 ಇದ್ದದ್ದು ಅತಿ ಮೇಲಿನ ದರ. ಹೆಚ್ಚಿನ ಔಷಧಗಳಿಗೆ ಶೇ 12, ಕೆಲವಕ್ಕೆ ಶೇ 5 ಇತ್ತು, ಚಿಕಿತ್ಸಾ ಸೇವೆಗೆ ವಿನಾಯಿತಿಯಿತ್ತು. ಶೇ 7 ಜಿಎಸ್‌ಟಿ ಇದ್ದ ಸಿಂಗಪುರದಲ್ಲೂ ವೈದ್ಯಕೀಯ ಉಚಿತವಲ್ಲ. ಅಲ್ಲಿಯವರು ಸಂಬಳದಿಂದಲೇ ಕಡ್ಡಾಯವಾಗಿ ಚಿಕಿತ್ಸೆಗೆ ಉಳಿತಾಯ ಮಾಡುತ್ತಾರೆ. ಬಿಜೆಪಿಯವರು ಆ ಮಾತನ್ನು ಕತ್ತರಿಸಿ ಎಂದರು, ವೈದ್ಯರ ಸಂಘಟನೆಯವರೂ ಮುನಿಸಿಕೊಂಡರು, ಚಿತ್ರದ ಸೆನ್ಸಾರ್ ಪ್ರಮಾಣಪತ್ರ ರದ್ದು ಮಾಡಿ ಎಂಬ ಅರ್ಜಿಯನ್ನು ಮದ್ರಾಸ್ ಹೈಕೋರ್ಟ್ ತಳ್ಳಿಹಾಕಿತು. ಗಲಾಟೆಯ ಲಾಭವೆಲ್ಲ ಚಿತ್ರಕ್ಕೇ ಆಯಿತು.

ಪ್ರಶ್ನೆ (ಒಬ್ಬ ಕಿರಿಯ ವೈದ್ಯ): ಮೇಡಂ, ನಿಮ್ಮ ಮಾತು ಕೇಳಿದರೆ ಚಿತ್ರದ ಪರವಾಗಿ ಇರುವಂತಿದೆ. ನಾಯಕ ಜಾದೂ ವೇದಿಕೆಯ ಮೇಲೆ ವೈದ್ಯನನ್ನು ಕೊಂದರೆ ಜನ ಚಪ್ಪಾಳೆ ತಟ್ಟುತ್ತಾರೆ. ನಾಳೆ ತುರ್ತು ಚಿಕಿತ್ಸಾ ವಿಭಾಗದಲ್ಲಿ ಏಟು ತಿನ್ನುವವರು ನಾವು.

ಉತ್ತರ: ಆ ಚಪ್ಪಾಳೆ ನನಗೂ ಕಸಿವಿಸಿ ಉಂಟುಮಾಡಿತು. ಆದರೂ ಯೋಚಿಸಿ ನೋಡಿ: ಚಪ್ಪಾಳೆ ತಟ್ಟಿದವರಿಗೆ ತಮ್ಮ ಮನೆಯವರು ಯಾಕೆ ಸತ್ತರೆಂದು ಯಾರಾದರೂ ಕುಳಿತು ಹೇಳಿದ್ದರೇ? ‘ಕೈಲಾದ ಪ್ರಯತ್ನ ಮಾಡಿದೆವು’ ಎಂದು ಬಾಗಿಲಲ್ಲೇ ಹೇಳಿ ಒಳಗೆ ಸರಿದುಬಿಡುತ್ತೇವೆ.

ಚಿತ್ರದ ದೊಡ್ಡ ಸುಳ್ಳು ಬೇರೆ ಇದೆ: ಸಾವಿನ ಹಿಂದೆ ಒಬ್ಬ ಖಳ ಇದ್ದೇ ಇರುತ್ತಾನೆ ಎಂಬುದು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಅನುಮಾನ ಹೋದದ್ದು ರಿಂಗರ್ ಲ್ಯಾಕ್ಟೇಟ್ ಎಂಬ ದ್ರಾವಣದ ಮೇಲೆ, ನಾವೆಲ್ಲ ಡ್ರಿಪ್ ಎಂದು ಏರಿಸುವ ಬಾಟಲಿಯ ಮೇಲೆ. ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು. ಅಲ್ಲಿ ಕತ್ತಿ ಹಿಡಿದ ಖಳನಿರಲಿಲ್ಲ. ಇದ್ದದ್ದು ಟೆಂಡರು, ಗೋದಾಮು, ಪ್ರಯೋಗಾಲಯದ ವರದಿ. ಇದನ್ನು ಹಾಡು ಕುಣಿತದ ನಡುವೆ ತೋರಿಸುವುದು ಕಷ್ಟ, ಒಪ್ಪುತ್ತೇನೆ.

ಕಾನೂನು ನಮ್ಮನ್ನು ಅಷ್ಟೇನೂ ಕೈಬಿಟ್ಟಿಲ್ಲ. 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಘೋರ ನಿರ್ಲಕ್ಷ್ಯವಿದ್ದರೆ ಮಾತ್ರ ವೈದ್ಯರ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆಸಬಹುದು ಎಂದಿತು. ‘ಮೆರ್ಸಲ್’ ತೆರೆಕಂಡ ಮರುತಿಂಗಳೇ ನಮ್ಮ ರಾಜ್ಯದಲ್ಲಿ ಖಾಸಗಿ ವೈದ್ಯರು ಕೆಪಿಎಂಇ, ಅಂದರೆ ಖಾಸಗಿ ಆಸ್ಪತ್ರೆಗಳನ್ನು ನಿಯಂತ್ರಿಸುವ ರಾಜ್ಯದ ಕಾಯ್ದೆಯ ತಿದ್ದುಪಡಿಯ ವಿರುದ್ಧ ಮುಷ್ಕರ ಹೂಡಿದ್ದು ನೆನಪಿದೆಯೇ? ಅದರಲ್ಲಿದ್ದ, ವೈದ್ಯರನ್ನು ಜೈಲಿಗೆ ಹಾಕುವ ಪ್ರಸ್ತಾಪಕ್ಕೆ ನಾನೂ ವಿರೋಧವಿದ್ದೆ. ಆದರೆ ಬಿಲ್ಲು ಬಾಕಿಯಿದೆ ಎಂದು ಶವ ಹಿಡಿದಿಟ್ಟುಕೊಳ್ಳಬಾರದು ಎಂಬ ನಿಯಮವೂ ಆ ತಿದ್ದುಪಡಿಯಲ್ಲೇ ಬಂತು. ಅದನ್ನು ಕಾನೂನು ಬಂದು ಹೇಳಬೇಕಾಯಿತಲ್ಲ ಎಂದು ಮುಷ್ಕರದಲ್ಲಿದ್ದವರಲ್ಲಿ ಎಷ್ಟು ಜನ ನಾಚಿಕೊಂಡೆವು, ಹೇಳಿ.

ಪ್ರಶ್ನೆ (ಮೈಸೂರಿನ ಸದಸ್ಯರು): ಧನ್ಯವಾದ ಮೇಡಂ, ಅತ್ತೆಯವರಿಗೆ ಓದಿ ಹೇಳಿದೆ. ಸ್ವಲ್ಪ ಸಮಾಧಾನವಾಗಿದ್ದಾರೆ. ನಾವು ಆಸ್ಪತ್ರೆಯಲ್ಲಿ ಏನು ಕೇಳಬೇಕು?

ಉತ್ತರ: ಸಿಸೇರಿಯನ್ ಬೇಕಾದರೆ ಅರಿವಳಿಕೆ ಕೊಡುವವರು ಯಾರು, ಶಸ್ತ್ರಚಿಕಿತ್ಸೆ ಮುಗಿಯುವವರೆಗೂ ಇರುತ್ತಾರೆಯೇ ಎಂದು ಈಗಲೇ ಕೇಳಿ. ಹೆಂಡತಿಯ ಗುಂಪಿನ ರಕ್ತ ರಾತ್ರಿ ಎರಡು ಗಂಟೆಗೆ ಬೇಕಾದರೆ ಎಲ್ಲಿಂದ ತರಿಸುತ್ತಾರೆ ಎಂದೂ ಕೇಳಿ. ನಮ್ಮ ದೇಶದಲ್ಲಿ ಬಾಣಂತಿಯರ ಜೀವ ಹೆಚ್ಚು ತೆಗೆಯುವುದು ರಕ್ತಸ್ರಾವ. ಒಪ್ಪಿಗೆ ಪತ್ರಕ್ಕೆ ಹೆರಿಗೆ ನೋವು ಶುರುವಾದ ಮೇಲೆ ಸಹಿ ಹಾಕಿಸಿಕೊಳ್ಳುವುದು ರೂಢಿ. ಆಗ ಯಾರೂ ಓದುವುದಿಲ್ಲ. ಮುಂದಿನ ತಪಾಸಣೆಗೆ ಹೋದಾಗಲೇ ಒಂದು ಪ್ರತಿ ತೆಗೆದುಕೊಂಡು ಬಂದು, ಅರ್ಥವಾಗದ್ದನ್ನು ಗೆರೆ ಎಳೆದು ಕೇಳಿ. ಚಿಕಿತ್ಸೆಯ ದಾಖಲೆಗಳನ್ನು ನೀವು ಕೇಳಿದ 72 ಗಂಟೆಗಳೊಳಗೆ ಕೊಡಬೇಕು ಎಂಬುದು ವೈದ್ಯಕೀಯ ಪರಿಷತ್ತಿನ 2002ರ ನೀತಿ ನಿಯಮಾವಳಿಯಲ್ಲೇ ಇದೆ. ದೂರು ಕೊಡುವ ಪ್ರಸಂಗ ಬರದಿರಲಿ. ಬಂದರೆ ಕರ್ನಾಟಕ ವೈದ್ಯಕೀಯ ಪರಿಷತ್ತು ಇದೆ, ಎರಡು ವರ್ಷದೊಳಗಾದರೆ ಗ್ರಾಹಕ ಆಯೋಗವೂ ಇದೆ.

ಇಷ್ಟು ಕೇಳಿದ್ದಕ್ಕೆ ವೈದ್ಯರು ಮುಖ ಸಿಂಡರಿಸಿದರೆ, ಇನ್ನೂ ಒಂದು ತಿಂಗಳಿದೆ, ಬೇರೆ ಕಡೆ ತೋರಿಸಿ.