ಪೆಪ್ಟೈಡ್ ಹಾರ್ಮೋನ್ ಮೇಲೆ ಪಿಎಚ್‌ಡಿ ಮಾಡಲಾ, ಕಂಪನಿ ಸೇರಲಾ?

ವಿಜಯನಗರದ ಹುಡುಗಿ:
ಎಲ್ಲರಿಗೂ ನಮಸ್ಕಾರ. ಬಯೋಕೆಮಿಸ್ಟ್ರಿ ಎಂಎಸ್ಸಿ ಮುಗಿದಿದೆ, ಜೆಆರ್‌ಎಫ್ (ಸಂಶೋಧನೆಗೆ ಸಿಗುವ ಫೆಲೋಶಿಪ್) ಕೂಡ ಆಗಿದೆ. ಪೆಪ್ಟೈಡ್ ಹಾರ್ಮೋನ್ (ಇನ್ಸುಲಿನ್ ಥರದ, ಅಮೈನೋ ಆಮ್ಲಗಳ ಸರಪಳಿಯಾದ ಹಾರ್ಮೋನ್) ಮತ್ತು ಸೆಲ್ ಸಿಗ್ನಲಿಂಗ್ (ಜೀವಕೋಶಕ್ಕೆ ಸಂದೇಶ ತಲುಪುವ ಬಗೆ) ಮೇಲೆ ಕೆಲಸ ಮಾಡುವ ಒಂದು ಲ್ಯಾಬ್‌ನಲ್ಲಿ ಪಿಎಚ್‌ಡಿಗೆ ಕರೆದಿದ್ದಾರೆ. ಇತ್ತ ಬೊಮ್ಮಸಂದ್ರದ ಕಡೆ ಒಂದು ಕಂಪನಿಯಲ್ಲಿ ಕ್ಯೂಸಿ (ಗುಣಮಟ್ಟ ಪರೀಕ್ಷೆ) ಕೆಲಸವೂ ಸಿಕ್ಕಿದೆ. "ಇನ್ಸುಲಿನ್ ಕಂಡುಹಿಡಿದು ನೂರು ವರ್ಷ ಆಯ್ತು, ಇನ್ನೇನು ಉಳಿದಿದೆ ಅದ್ರಲ್ಲಿ?" ಅಂತ ಅಪ್ಪ ಕೇಳುತ್ತಿದ್ದಾರೆ. ನನಗೆ ಸರಿಯಾಗಿ ಉತ್ತರ ಕೊಡೋಕೆ ಬರಲಿಲ್ಲ. ಈ ಕೆಲಸ ಮಾಡಿದವರು ಯಾರಾದರೂ ಇದ್ದರೆ ಹೇಳಿ ಪ್ಲೀಸ್.

ಎಚ್‌ಪಿಎಲ್‌ಸಿ ಮುಂದೆ ಕೂತವನು:
ನಾನು ಕ್ಯೂಸಿಯಲ್ಲೇ ಇರುವುದು. ಕಂಪನಿ ಕೆಲಸ ಕೀಳು ಅಂತ ಮಾತ್ರ ಅಂದುಕೊಳ್ಳಬೇಡಿ. ಯೀಸ್ಟ್‌ನಿಂದ ಮಾಡಿದ ಇನ್ಸುಲಿನ್ ಅನ್ನು ಬಯೋಕಾನ್ 2004ರಲ್ಲಿ ಮಾರುಕಟ್ಟೆಗೆ ತಂದದ್ದು ಇದೇ ಊರಿಂದ. ಶುದ್ಧತೆ ನೋಡುವ ಎಚ್‌ಪಿಎಲ್‌ಸಿ ಯಂತ್ರದ ಗ್ರಾಫ್‌ನಲ್ಲಿ ಪೀಕ್ ಪಕ್ಕದಲ್ಲಿ ಸಣ್ಣದೊಂದು ಶೋಲ್ಡರ್ (ಉಬ್ಬು) ಕಂಡರೂ ಬ್ಯಾಚ್ ತಡೆದು ನೋಡಬೇಕು, ಆ ಶಿಸ್ತು ಜೀವನಪೂರ್ತಿ ಉಪಯೋಗಕ್ಕೆ ಬರುತ್ತದೆ. ಸಂಬಳವೂ ಸರಿಯಾದ ಟೈಮಿಗೆ ಬರುತ್ತದೆ. ಆದರೆ "ಇದು ಯಾಕೆ ಹೀಗೆ?" ಅಂತ ಒಂದೇ ಪ್ರಶ್ನೆ ಹಿಡಿದು ಕೂರೋಕೆ ಬಿಡುವು ಸಿಗುವುದಿಲ್ಲ.

ಮಲ್ಲೇಶ್ವರಂ ಮೇಡಂ:
ನನ್ನ ಕೆಲಸದ ಜೀವನವೆಲ್ಲ ಹಾರ್ಮೋನ್ ಮತ್ತು ರಿಸೆಪ್ಟರ್ (ಹಾರ್ಮೋನ್ ಬಂದು ಕೂರುವ, ಜೀವಕೋಶದ ಪ್ರೋಟೀನ್) ಜೊತೆ ಕಳೆದಿದ್ದೇನೆ. ಪಿಎಚ್‌ಡಿ ಮಾಡಿ ಅಂತಲೇ ಹೇಳುತ್ತೇನೆ. ಯಾಕೆ ಅಂತ ಕೇಳಿ.

ಅಪ್ಪನ ಪ್ರಶ್ನೆ ಒಳ್ಳೆಯ ಪ್ರಶ್ನೆ. ಇನ್ಸುಲಿನ್ ಸಿಕ್ಕಿದ್ದು 1921ರಲ್ಲಿ, ಅದರ 51 ಅಮೈನೋ ಆಮ್ಲಗಳ ಜೋಡಣೆಯನ್ನು ವಿಜ್ಞಾನಿ ಸ್ಯಾಂಗರ್ ಬಿಡಿಸಿದ್ದು 1950ರ ದಶಕದಲ್ಲಿ. ಹಾರ್ಮೋನ್ ಕೈಗೆ ಸಿಕ್ಕಿತು, ಸರಿ. ಅದು ಜೀವಕೋಶದ ಹೊರಗೆ ನಿಂತೇ ಒಳಗಿನ ಕೆಲಸ ಹೇಗೆ ಮಾಡಿಸುತ್ತದೆ? ಗ್ಲುಕಗಾನ್, ಅಡ್ರಿನಲಿನ್ ಎಂಬ ಹಾರ್ಮೋನ್‌ಗಳ ಹಿಂದೆ ಬಿದ್ದ ವಿಜ್ಞಾನಿ ಸದರ್ಲ್ಯಾಂಡ್‌ಗೆ, ಜೀವಕೋಶದೊಳಗೆ ಸಂದೇಶ ಒಯ್ಯುವ ಸೈಕ್ಲಿಕ್ ಎಎಂಪಿ ಎಂಬ ಅಣು ಸಿಕ್ಕಿತು, 1971ರಲ್ಲಿ ನೊಬೆಲ್ ಬಂತು. ರಿಸೆಪ್ಟರ್‌ನಿಂದ ಸಂದೇಶವನ್ನು ಒಳಗೆ ದಾಟಿಸುವ, ನಡುವಿನ ಜಿ ಪ್ರೋಟೀನ್‌ಗೆ ನೊಬೆಲ್ ಬರೋಕೆ 1994 ಆಯಿತು. ಜಿ ಪ್ರೋಟೀನ್ ಜೊತೆ ಕೆಲಸ ಮಾಡುವ ರಿಸೆಪ್ಟರ್‌ಗಳಿಗೆ 2012. ಒಂದೇ ದಾರಿ, ಎಷ್ಟು ವರ್ಷ ಹಿಡಿಯಿತು ನೋಡಿ!

ದೂರ ಯಾಕೆ, ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲೇ (ಐಐಎಸ್‌ಸಿ) ಸಂಧ್ಯಾ ವಿಶ್ವೇಶ್ವರಯ್ಯ ಅವರ ಲ್ಯಾಬ್ ಗ್ವಾನೈಲಿಲ್ ಸೈಕ್ಲೇಸ್ ಸಿ ಎಂಬ ರಿಸೆಪ್ಟರ್ ಮೇಲೆ ವರ್ಷಾನುಗಟ್ಟಲೆ ಕೆಲಸ ಮಾಡಿದೆ. ಅದು ಕರುಳಿನ ಒಳಗೋಡೆಯಲ್ಲಿರುತ್ತದೆ. ನಮ್ಮ ದೇಹದ್ದೇ ಆದ ಗ್ವಾನೈಲಿನ್ ಎಂಬ ಪುಟ್ಟ ಪೆಪ್ಟೈಡ್ ಬಂದು ಕೂತರೆ ಜೀವಕೋಶದೊಳಗೆ ಸೈಕ್ಲಿಕ್ ಜಿಎಂಪಿ (ಇದೂ ಸಂದೇಶ ಒಯ್ಯುವ ಅಣುವೇ) ಏರುತ್ತದೆ. ಕ್ಲೋರೈಡ್ ಹೊರಗೆ ಬರುತ್ತದೆ, ಅದರ ಹಿಂದೆ ನೀರು. ಕೆಲವು ಇ. ಕೋಲಿ ಬ್ಯಾಕ್ಟೀರಿಯಾ ಬಿಡುವ ವಿಷವೂ ಒಂದು ಪೆಪ್ಟೈಡೇ. ಅದೇ ರಿಸೆಪ್ಟರ್ ಮೇಲೆ ಇನ್ನೂ ಬಿಗಿಯಾಗಿ ಕೂರುತ್ತದೆ, ಭೇದಿ ಹಿಡಿಯುತ್ತದೆ. ನಾರ್ವೆಯ ಒಂದು ಕುಟುಂಬದಲ್ಲಿ ಈ ರಿಸೆಪ್ಟರ್‌ನ ಜೀನ್ ಬದಲಾಗಿ, ತಲೆಮಾರುಗಳಿಂದ ಭೇದಿ ಕಾಡುತ್ತಿದ್ದ ವಿಷಯ 2012ರಲ್ಲಿ ಗೊತ್ತಾಯಿತು. ಅದೇ ವರ್ಷ, ಅದೇ ರಿಸೆಪ್ಟರ್ ತಟ್ಟುವ 14 ಅಮೈನೋ ಆಮ್ಲದ ಲಿನಾಕ್ಲೋಟೈಡ್‌ಗೆ ಅಮೆರಿಕದಲ್ಲಿ ಮಲಬದ್ಧತೆಯ ಔಷಧಿಯಾಗಿ ಒಪ್ಪಿಗೆ ಸಿಕ್ಕಿತು. ಭೇದಿ ತರಿಸುವ ದಾರಿಯೇ ಔಷಧಿ ಆಯಿತು. ನನಗೆ ಇವತ್ತಿಗೂ ಇದು ರೋಮಾಂಚನದ ವಿಷಯ.

ವಿಜಯನಗರದ ಹುಡುಗಿ:
ಮೇಡಂ, ತುಂಬಾ ಥ್ಯಾಂಕ್ಸ್. ದಿನದ ಕೆಲಸ ಹೇಗಿರುತ್ತೆ? ಗೈಡ್ ಹತ್ತಿರ ಮೊದಲೇ ಏನು ಕೇಳಿಕೊಳ್ಳಲಿ?

ಮಲ್ಲೇಶ್ವರಂ ಮೇಡಂ:
ಹೆಚ್ಚಿನ ದಿನ ಪಿಪೆಟ್ ಹಿಡಿದೇ ಇರುತ್ತೀರಮ್ಮ. ಪೆಪ್ಟೈಡ್ ಬರುವುದು ಒಂದು ಮಿಲಿಗ್ರಾಂ ಬಿಳಿ ಪುಡಿಯಾಗಿ, ಕೆಲವೊಮ್ಮೆ ಸೀಸೆ ಖಾಲಿ ಇದ್ದಂತೆಯೇ ಕಾಣುತ್ತದೆ. ಫ್ರೀಜರ್‌ನಿಂದ ತೆಗೆದ ತಕ್ಷಣ ಮುಚ್ಚಳ ಬಿಚ್ಚಬಾರದು, ರೂಮಿನ ಬಿಸಿಗೆ ಬರಲಿ. ಇಲ್ಲಾಂದ್ರೆ ಗಾಳಿಯ ತೇವ ಎಲ್ಲ ಪುಡಿಗೆ ಇಳಿಯುತ್ತದೆ, ಮಳೆಗಾಲದಲ್ಲಂತೂ ಜಾಸ್ತಿ. ಸೆಂಟ್ರಿಫ್ಯೂಜ್‌ನಲ್ಲಿ ಒಂದು ಸುತ್ತು ತಿರುಗಿಸಿ ಪುಡಿ ತಳಕ್ಕೆ ಇಳಿಸಿ, ಆಮೇಲೆ ಕರಗಿಸಿ. ನ್ಯಾನೋಮೋಲಾರ್ ಮಟ್ಟಕ್ಕೆ, ಅಂದರೆ ತೀರಾ ತೆಳು ಮಾಡಿದಾಗ ಪೆಪ್ಟೈಡ್ ಹೋಗಿ ಟ್ಯೂಬಿನ ಗೋಡೆಗೇ ಅಂಟಿಕೊಳ್ಳುತ್ತದೆ. ಹಾಗಾಗಿ ಬಫರ್‌ಗೆ ಸ್ವಲ್ಪ ಬಿಎಸ್‌ಎ (ದನದ ರಕ್ತದ ಒಂದು ಪ್ರೋಟೀನ್) ಹಾಕುತ್ತೇವೆ. ಚಿಕ್ಕ ಚಿಕ್ಕ ಪಾಲು ಮಾಡಿ ಇಡಿ, ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಬೇಡಿ. ಇಷ್ಟು ಜೋಪಾನ ಮಾಡಿದರೆ ಡೋಸ್ ಕರ್ವ್ (ಡೋಸ್ ಏರಿದಂತೆ ಪರಿಣಾಮ ತೋರಿಸುವ ಗೆರೆ) ಚೆನ್ನಾಗಿ ಬಾಗುತ್ತದೆ.

ಇಂಥ ತಾಳ್ಮೆಯ ಕೆಲಸದಿಂದಲೇ ಔಷಧಿ ಬರುವುದು. ಕರುಳಿನಿಂದ ಬರುವ ಜಿಎಲ್‌ಪಿ-1 ಎಂಬ ಪೆಪ್ಟೈಡ್ ಹಾರ್ಮೋನ್ ರಕ್ತದಲ್ಲಿ ಉಳಿಯುವುದು ಒಂದೆರಡು ನಿಮಿಷ. ಡಿಪಿಪಿ-4 ಎಂಬ ಕಿಣ್ವ ಅದರ ತುದಿಯ ಎರಡು ಅಮೈನೋ ಆಮ್ಲ ಕತ್ತರಿಸಿಬಿಡುತ್ತದೆ. ಆ ಕತ್ತರಿಯನ್ನು ತಡೆದು, ರಕ್ತದ ಆಲ್ಬುಮಿನ್ ಪ್ರೋಟೀನ್‌ಗೆ ಅಂಟುವ ಕೊಬ್ಬಿನ ಸರಪಳಿ ಸೇರಿಸಿದ ಮೇಲೆ ಮಧುಮೇಹದ ಔಷಧಿ ಸೆಮಾಗ್ಲುಟೈಡ್ ವಾರಕ್ಕೊಂದು ಇಂಜೆಕ್ಷನ್ ಆಯಿತು. ಅಪ್ಪನಿಗೆ ಇದನ್ನೇ ಹೇಳಿ.

ಗೈಡ್ ಹತ್ತಿರ ಕೇಳಬೇಕಾದದ್ದು: ಅಸ್ಸೇ (ಪರಿಣಾಮ ಅಳೆಯುವ ಪ್ರಯೋಗ) ಈಗಾಗಲೇ ನಡೀತಿದೆಯಾ, ನೀವೇ ಹೊಸದಾಗಿ ಕಟ್ಟಬೇಕಾ? ಪೆಪ್ಟೈಡ್ ಕೊಳ್ಳೋಕೆ ಗ್ರಾಂಟ್ ಇನ್ನೆಷ್ಟು ವರ್ಷ ಇದೆ? ಹಳೇ ವಿದ್ಯಾರ್ಥಿಗಳ ಜೊತೆ ಗೈಡ್ ಇಲ್ಲದಾಗ ಮಾತಾಡಿ, ಥೀಸಿಸ್‌ಗೆ ಎಷ್ಟು ವರ್ಷ ಹಿಡಿಯಿತು ಅಂತ ಕೇಳಿ. ಸಾಧ್ಯವಾದರೆ ಒಂದೆರಡು ದಿನ ಆ ಲ್ಯಾಬ್‌ನಲ್ಲಿ ಸುಮ್ನೆ ಕೂತು ನೋಡಿ. ಪ್ರಯೋಗ ಕೆಟ್ಟ ದಿನ ಅಲ್ಲಿ ಹೇಗೆ ಮಾತಾಡುತ್ತಾರೆ ಅನ್ನುವುದನ್ನು ಗಮನಿಸಿ. ಕಂಪನಿಗೆ ಯಾವತ್ತೊಳಗೆ ಉತ್ತರ ಕೊಡಬೇಕು?